ಇಪ್ಪತ್ತೈದು ಮಿಲಿಮೀಟರ್

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಠಾಣೆಗೆ ಬಂದ ದೂರು ವಿದ್ಯುತ್ ಕಳ್ಳತನದ್ದು. ತಂದವರು ಊರಿನ ಹಳೆಯ ಒಳಾಂಗಣ ಐಸ್ ಸ್ಕೇಟಿಂಗ್ ಅಂಗಳವನ್ನು ನವೀಕರಿಸಿದ ಆರ್ಕಿಟೆಕ್ಟ್. ಕಂಕುಳಲ್ಲಿ ನಕ್ಷೆಯ ಸುರುಳಿ. ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನವಾಯಿತೋ, ಕಣ್ಣು ಕೆಂಪಾಗಿತ್ತು.

"ಚಾವಣಿ ಕೆಳಗೆ ಬೆಳ್ಳಿ ಬಣ್ಣದ ಹೊದಿಕೆ ಹಾಕ್ಸಿದೀನಿ ಸಾರ್, ಮೇಲಿನ ಬಿಸಿ ಮಂಜುಗಡ್ಡೆಗೆ ಇಳಿಯಲ್ಲ. ಗಡ್ಡೆ ತಂಪು ಮಾಡೋ ಯಂತ್ರ ಹೊರಗೆ ಬಿಡೋ ಬಿಸೀಲೇ ಸ್ನಾನದ ನೀರು ಕಾಯುತ್ತೆ. ಕರೆಂಟು ಮೂರನೇ ಒಂದು ಭಾಗ ಉಳೀಬೇಕು. ಜನವರೀಲಿ ಉಳೀತು ಕೂಡ. ಆಮೇಲೆ ದಿನಾ ಏರ್ತಿದೆ."

"ಯಾರ ಮೇಲೆ ಅನುಮಾನ?"

"ಯಂತ್ರದ ಕೋಣೆ ಆಪರೇಟರ್ ಮೇಲೆ. ಗೋಡೆಯಾಚೆ ಇರೋ ವೆಲ್ಡಿಂಗ್ ಶೆಡ್ ಅವನ ಭಾವಮೈದುನಂದು."

ಎಫ್‌ಐಆರ್ ದಾಖಲಾಯಿತು. ಆಡಳಿತ ಮಂಡಳಿ ಅದೇ ಮಧ್ಯಾಹ್ನ ಆಪರೇಟರನನ್ನು ಮನೆಗೆ ಕಳಿಸಿತು. ಶನಿವಾರದ ಸಭೆಯೊಳಗೆ ಅವನ ಮೇಲಿನ ಅನುಮಾನ ಹೋಗದಿದ್ದರೆ ಕೆಲಸ ಹೋದಂತೆಯೇ. ಮಿಕ್ಕ ಸಿಬ್ಬಂದಿಗೆ ಮಾತ್ರ 'ರಜೆಯಲ್ಲಿದ್ದಾನೆ' ಎಂದು ಹೇಳಿದರು. ಸಂಜೆ ನಾಲ್ಕಕ್ಕೆ ಇನ್ಸ್‌ಪೆಕ್ಟರ್ ಅವನನ್ನು ಎದುರು ಕೂರಿಸಿಕೊಂಡರು.

"ಶೆಡ್ಡಿಗೆ ತಂತಿ ಎಳೆದಿದೀಯಾ?"

"ಇಲ್ಲ ಸಾರ್."

"ಭಾವಮೈದುನನ ಹತ್ರ ಹೇಗಿದೀಯ?"

"ಮಾತು ಬಿಟ್ಟು ಎರಡು ವರ್ಷ ಆಯ್ತು. ಅವನಿಗೆ ಕರೆಂಟ್ ಇರ್ಲಿ, ಕುಡಿಯೋಕೆ ನೀರೂ ಕೊಡಲ್ಲ."

ಹಾಗಂದವನು ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಅಳುವವರೆಲ್ಲ ಸಾಚಾ ಅಲ್ಲ ಎಂಬುದು ಇನ್ಸ್‌ಪೆಕ್ಟರಿಗೆ ಗೊತ್ತು. ಆದರೂ ಅಂದು ಅವರಿಗೆ ಊಟ ರುಚಿಸಲಿಲ್ಲ.

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ವಿದ್ಯುತ್ ಇಲಾಖೆಯವರ ಸಮಕ್ಷಮ ಸ್ಥಳ ಪಂಚನಾಮೆ ನಡೆಯಿತು. ಕಳ್ಳತಂತಿ ಎಲ್ಲೂ ಸಿಗಲಿಲ್ಲ. ಭಾವಮೈದುನ ಕಾಮಾಲೆ ಹಿಡಿದು ಮಲಗಿ ಹದಿನೈದು ದಿನವಾಗಿತ್ತು, ಶೆಡ್ಡಿಗೆ ಬೀಗ. ಆದರೂ ಮೀಟರು ಏರುತ್ತಲೇ ಇತ್ತು. ದೂರಿನ ಬುಡವೇ ಅಲುಗಾಡಿತು.

ಆಗ ಹೆಡ್ ಕಾನ್‌ಸ್ಟೆಬಲ್ ಅಂಗಳದ ಬಾಗಿಲಲ್ಲಿ ಮುಗ್ಗರಿಸಿದರು. ಆಕೆ ಜನವರಿಯ ಉದ್ಘಾಟನೆಗೂ ಬಂದೋಬಸ್ತಿಗೆ ಬಂದಿದ್ದವರು.

"ಸಾರ್, ಅವತ್ತು ಹೊಸ್ತಿಲಿಂದ ಗಡ್ಡೆ ಮೇಲೆ ಕಾಲಿಡೋಕೆ ಎರಡು ಬೆರಳು ಕೆಳಗಿಳೀಬೇಕಿತ್ತು. ಇವತ್ತು ಸಪಾಟಾಗಿದೆ. ಕಾಲಿಗೆ ಹಳೇ ನೆನಪು, ಮೋಸ ಹೋಯ್ತು."

ಇನ್ಸ್‌ಪೆಕ್ಟರ್ ಗಡ್ಡೆಯ ದಪ್ಪ ಬರೆಯುವ ಪುಸ್ತಕ ತರಿಸಿದರು. ಒಂಬತ್ತು ಸೋಮವಾರ, ಒಂಬತ್ತೂ ಸಲ ಇಪ್ಪತ್ತೈದು ಮಿಲಿಮೀಟರ್.

"ನನ್ನ ಬಿಪಿ ಕೂಡ ಒಂಬತ್ತು ವಾರ ಒಂದೇ ಇರಲ್ಲಮ್ಮ. ಡ್ರಿಲ್ ತರ್ಸಿ."

ಇಬ್ಬರು ಪಂಚರ ಎದುರು ಐದು ಕಡೆ ಕೊರೆದರು. ಎಲ್ಲೂ ಐವತ್ತೆಂಟಕ್ಕೆ ಕಡಿಮೆಯಿರಲಿಲ್ಲ. ಆರ್ಕಿಟೆಕ್ಟ್ ತಲೆ ಮೇಲೆ ಕೈ ಹೊತ್ತು ಬೆಂಚಿನ ಮೇಲೆ ಕುಳಿತರು.

"ಕೊಳವೆ ಇರೋದು ಗಡ್ಡೆ ಕೆಳಗೆ ಸಾರ್. ದಪ್ಪ ಆದಷ್ಟೂ ಚಳಿ ಮೇಲೆ ಬರೋದು ಕಷ್ಟ, ಯಂತ್ರ ಜಾಸ್ತಿ ಓಡ್ಬೇಕು. ಕಳ್ಳ ಇಲ್ಲೇ ಅಂಗಳ ತುಂಬ ಮಲಗಿದಾನೆ. ನಾನು ಪಾಪ ಆ ಹುಡುಗನ ಹೆಸರು ಹೇಳಿದೆನಲ್ಲ."

ಕೊರೆದ ತುಂಡುಗಳನ್ನು ಮುದ್ದೆಮಾಲೆಂದು ಜಪ್ತಿ ಮಾಡಿದ್ದಾಯಿತು. ಠಾಣೆಗೆ ಬಂದು ಡಬ್ಬ ತೆರೆದ ಹೆಡ್ ಕಾನ್‌ಸ್ಟೆಬಲ್ ಪೆನ್ನು ಹಿಡಿದು ನಿಂತರು.

"ಏನಂತ ಬರೀಲಿ ಸಾರ್?"

"ಮಂಜುಗಡ್ಡೆ ತುಂಡು ಐದು, ಠಾಣೆ ಮುಟ್ಟುವಷ್ಟರಲ್ಲಿ ನೀರು ಅಂತ ಬರೀರಿ. ಸುಳ್ಳು ಬರೆಯೋ ಕೆಲಸ ಆಗ್ಲೇ ಒಬ್ರು ಮಾಡಿದಾರೆ."

ಗುರುವಾರ ಬೆಳಿಗ್ಗೆ ಆರೂ ಹತ್ತಕ್ಕೆ ಇಬ್ಬರೂ ಪ್ರೇಕ್ಷಕರ ಸಾಲಿನಲ್ಲಿ ಕುಳಿತಿದ್ದರು. ಅಂಗಳದ ಗಡ್ಡೆ ಕಟ್ಟುವ, ಆ ದಪ್ಪದ ಪುಸ್ತಕವನ್ನೂ ಬರೆಯುವ ಹಿರಿಯ, ಎಲ್ಲರ ಬಾಯಲ್ಲೂ ಐಸಣ್ಣ, ಪೈಪು ಹಿಡಿದು ನೀರು ಹಾಯಿಸುತ್ತಿದ್ದರು. ನೀರು ಮಿತಿ ಮೀರದಿರಲೆಂದು ವಾಲ್ವಿಗೆ ಹಾಕಿದ್ದ ಸೀಲು ಒಡೆದು ನೇತಾಡುತ್ತಿತ್ತು.

"ಎಷ್ಟು ದಪ್ಪ ಇರ್ಬೇಕು ಐಸಣ್ಣ?"

"ಇಪ್ಪತ್ತೈದು."

"ಎಷ್ಟಿದೆ?"

ಅವರು ನೀರು ನಿಲ್ಲಿಸಿದರು. "ಅರವತ್ತು."

"ಕರೆಂಟು ಏರುತ್ತೆ ಅಂತ ಗೊತ್ತಿತ್ತಾ?"

"ಅದ್ಯಾಕೆ ಏರುತ್ತೆ? ದಪ್ಪ ಗಡ್ಡೆ ಚಳಿ ಹಿಡಿದಿಟ್ಕೊಳತ್ತೆ, ಯಂತ್ರಕ್ಕೆ ಆರಾಮಲ್ವಾ? ಮೂವತ್ತು ವರ್ಷದಿಂದ ಹಾಗೇ ಅಂದ್ಕೊಂಡಿದೀನಿ."

"ಇದ್ರಿಂದ ಆಪರೇಟರ್ ಮೇಲೆ ಕಳ್ಳತನದ ಕೇಸಾಗಿದೆ."

"ರಜ ಅಂದ್ರಲ್ಲ?" ಐಸಣ್ಣನ ಕೈಯಿಂದ ಪೈಪು ಜಾರಿತು. "ಮೊದ್ಲು ಅವನಿಗೆ ಫೋನ್ ಮಾಡಿ ಸಾರ್. ಆಮೇಲೆ ನನ್ನ ಕರ್ಕೊಂಡು ಹೋಗಿ."

ಫೋನನ್ನು ಮೊದಲೇ ಮಾಡಲಾಯಿತು. ಅವನ ಮೇಲಿನ ಅನುಮಾನ ಹೋಯಿತೆಂದು ಆಪರೇಟರನಿಗೆ ತಿಳಿಸಿದರು. ಆರೂ ನಲವತ್ತಕ್ಕೆ, ಸುಳ್ಳು ದಾಖಲೆ ಬರೆದು ಸೀಲು ಒಡೆದ ಆರೋಪದ ಮೇಲೆ ಐಸಣ್ಣನ ಬಂಧನವಾಯಿತು.

ಹೇಳಿಕೆಯಲ್ಲಿ ಅವರು ಬರೆಸಿದ ಕಾರಣ ಇಷ್ಟು. ಹತ್ತೊಂಬತ್ತು ವರ್ಷದ ಹಿಂದೆ ಹತ್ತು ವರ್ಷದ ಮಗಳು ಅದೇ ಅಂಗಳದಲ್ಲಿ ಬಿದ್ದು ಮಂಡಿ ಮುರಿದುಕೊಂಡಳು. ಅಂದು ಗಡ್ಡೆ ಕಟ್ಟಿದ್ದು ತಾನೇ, ತೆಳ್ಳಗಾಗಿ ಬ್ಲೇಡು ಸಿಮೆಂಟಿಗೆ ತಾಗಿತು. ಇನ್ನೊಬ್ಬರ ಮಗು ಹಾಗೆ ಬೀಳುವುದು ಬೇಡ.

ಒಂಬತ್ತು ಗಂಟೆಗೆ ಜಾಮೀನು ಕೊಡಲು ಆ ಮಗಳೇ ಬಂದಳು. ನಡಿಗೆಯಲ್ಲಿ ಸ್ವಲ್ಪ ಕುಂಟು. ಹೇಳಿಕೆಯನ್ನು ಓದಿ ಹೇಳಿದಾಗ ಅವಳ ಮುಖ ಬಿಳಿಚಿತು.

"ಅಪ್ಪ, ಗಡ್ಡೆ ಸರಿಯಾಗೇ ಇತ್ತು. ನಾನು ಶೂ ಲೇಸ್ ಕಟ್ಟಿರ್ಲಿಲ್ಲ. ನೀನು ಮೂರು ಸಲ ಹೇಳಿದ್ದೆ. ಬೈತೀಯ ಅಂತ ಬಾಯಿ ಬಿಡ್ಲಿಲ್ಲ. ನೀನು ಇದನ್ನ ಇಷ್ಟು ವರ್ಷ ಹೊತ್ಕೊಂಡಿದೀಯ ಅಂತ ನನಗೇನು ಗೊತ್ತು?"

ಐಸಣ್ಣ ಎದೆ ಮೇಲಿನ ಕಲ್ಲು ಇಳಿದವರಂತೆ ಉದ್ದಕ್ಕೆ ಉಸಿರು ಬಿಟ್ಟರು. ಆಮೇಲೆ ಬಗ್ಗಿ ಮಗಳ ಕಾಲಿನ ಕಡೆ ನೋಡಿದರು.

"ಈಗ ಕಟ್ಕೊಂಡಿದೀಯಾ?"

ಹೆಡ್ ಕಾನ್‌ಸ್ಟೆಬಲ್ ಜಾಮೀನು ಪತ್ರವನ್ನು ಮುಂದಕ್ಕೆ ಸರಿಸಿದರು. ಮಗಳು ಅಳುತ್ತಲೇ ನಗುತ್ತ ಸಹಿ ಹಾಕಿದಳು.