ಕರಿದಾರದ ಏಳು ಗಂಟು

ಬೆಳಿಗ್ಗೆ ಹನ್ನೊಂದೂಕಾಲಿಗೆ, ಹಳೆಯ ಕ್ಯಾಮೆರಾಗಳಿಗೆ ಬೆಲೆ ಕಟ್ಟಲು ಬಂದವನು ಕರಿದಾರಕ್ಕೆ ಕತ್ತರಿ ಹಾಕಿದ. ಬೇಡವೆಂದು ದರ್ಜಿಯಮ್ಮ ಎರಡು ಸಲ ಹೇಳಿದ್ದಳು.

ಅವಳ ಸತ್ತ ಗಂಡ ಕೂಡಿಟ್ಟ ಗೂಢಚಾರಿ ಕ್ಯಾಮೆರಾಗಳು ಮೇಜಿನ ಮೇಲಿದ್ದವು: ಲೈಟರಿನಂಥದು, ಪೆನ್ನಿನಂಥದು, ಕೋಟಿನ ಗುಂಡಿಯ ಹಿಂದೆ ಅಡಗುವಂಥದು. ಪೆಟ್ಟಿಗೆಯ ತಳದಿಂದ ಅವನೇ ಹೆಕ್ಕಿ ತೆಗೆದದ್ದು ಜೇಬುಗಡಿಯಾರದಂಥದು. ಕೀಲಿ ಕೊಡುವ ತಿರುಪಿನೊಳಗೆ ಮಸೂರ. ಅದನ್ನು ಮುಚ್ಚುವಂತೆ ಏಳು ಗಂಟಿನ ಕರಿದಾರ ಬಿಗಿದಿತ್ತು.

"ಹನ್ನೆರಡು ವರ್ಷ ನಮ್ಮನೆಯವರು ಅದರಲ್ಲಿ ನನ್ನನ್ನೇ ಕಾದ್ರು," ಎಂದಿದ್ದಳು ಅವಳು. "ಅಳತೆ ಕೊಡೋಕೆ ಯಾರು ಬಂದ್ರು, ಯಾರ ಜೊತೆ ನಕ್ಕೆ, ಎಲ್ಲ. ಸತ್ತ ಮೇಲೂ ನೋಡ್ತಿರ್ಬೇಕು ಅಂತ ಮಾಟ ಮಾಡಿಸಿಟ್ಟು ಹೋದ್ರು. ನಾನೇ ಆ ಗಂಟು ಹಾಕಿ ಅದರ ಕಣ್ಣು ಕಟ್ಟಿದ ಮೇಲೇ ಕಿಟಕಿ ತೆಗೆದದ್ದು. ಅದೊಂದು ಬಿಟ್ಟು ಉಳಿದದ್ದಕ್ಕೆ ಬೆಲೆ ಹೇಳಪ್ಪ."

"ಸತ್ತರೂ ಹೆಂಡ್ತಿ ಕಾಯೋ ಕೆಲಸ ತಪ್ಪಲಿಲ್ವೇನಮ್ಮಾ ಪಾಪ!" ಅವನು ನಕ್ಕಿದ್ದ. "ಇದೇ ಇದರಲ್ಲಿ ಅಪರೂಪದ್ದು. ಷಟರ್ ನೋಡದೆ ಬೆಲೆ ಹೇಳೋನಲ್ಲ ನಾನು."

ಅವನ ಪರೀಕ್ಷೆ ಒಂದೇ: ಹಿಂದಿನ ಮುಚ್ಚಳ ತೆಗೆದು, ಬಲಗಣ್ಣಿಗೆ ಒತ್ತಿ, ಕಿಟಕಿಯತ್ತ ಹಿಡಿದು ಗುಂಡಿ ಅದುಮುವುದು. ಬೆಳಕು ಮಿಂಚಿ ಮರೆಯಾದರೆ ಷಟರ್ ಸರಿಯಿದೆ.

ಮುಚ್ಚಳ ತೆರೆಯುತ್ತಲೇ ಸುಟ್ಟ ಕೂದಲಿನ ವಾಸನೆ. ಗೋಡೆಗಡಿಯಾರದ ಟಿಕ್‌ಟಿಕ್ ನಿಂತಿತು. ಅವನು ಗುಂಡಿ ಅದುಮಿದ.

ಬೆಳಕು ಬರಲಿಲ್ಲ. ಕತ್ತಲೆ ಬಂತು. ಒದ್ದೆ ಕತ್ತಲೆ. ಅದಕ್ಕೆ ರೆಪ್ಪೆ ಇತ್ತು. ಮಿಟುಕಿತು. ಜೇಬುಗಡಿಯಾರದೊಳಗಲ್ಲ. ಅವನ ಕಣ್ಣಿನೊಳಗೆ.

ಗಡಿಯಾರ ಕೈಜಾರಿ ಬಿತ್ತು. ಅವನು ದರ್ಜಿಯಮ್ಮನತ್ತ ತಿರುಗಿದ. ಬಾಯಿ ಅವನದು, ದನಿ ಅವನದಲ್ಲ.

"ಯಾಕೇ, ಕಿಟಕಿ ಯಾಕೆ ತೆಗೆದಿದ್ದೀಯ?"

ಅವಳು ಕಿರುಚಲಿಲ್ಲ. ಆ ಪ್ರಶ್ನೆಗೆ ಹನ್ನೆರಡು ವರ್ಷ ಉತ್ತರ ಕೊಟ್ಟು ಸಾಕಾಗಿತ್ತು. ಸೆರಗಿಗೆ ಸಿಕ್ಕಿಸಿದ್ದ ಸೂಜಿ ತೆಗೆದು ಕರಿದಾರ ಪೋಣಿಸಿದಳು.

"ಅಮ್ಮಾ, ಬೇಗ..." ಈಗ ಅದು ಅವನದೇ ದನಿ, ಅಳುತ್ತಿತ್ತು. "ಇವನನ್ನ ಹೊತ್ಕೊಂಡು ಮನೆಗೆ ಹೋಗಲಾರೆ. ಹೆಂಡ್ತಿ ಇದ್ದಾಳೆ."

"ಅಲ್ಲಾಡಬೇಡ. ಆಗಲೇ ಹೇಳಿದ್ದೆ ನಾನು."

ಮಧ್ಯಾಹ್ನ ಆಸ್ಪತ್ರೆಯ ವೈದ್ಯರು ಬರೆದುಕೊಂಡರು: ಬಲಗಣ್ಣಿನ ರೆಪ್ಪೆಗಳಿಗೆ ಕರಿದಾರದ ಏಳು ಹೊಲಿಗೆ. ಬಿಚ್ಚಲು ರೋಗಿ ಒಪ್ಪಲಿಲ್ಲ.