ಎರವಲು ತಂದ ಕಲ್ಲು

ಗಂಡನ ಏಳು ದಿನದ ಸೂತಕ ಕಳೆದ ಮರುಬೆಳಿಗ್ಗೆ ಜೋಯಾ ಕನ್ನಡಿಗೆ ಹೊದಿಸಿದ್ದ ಬಟ್ಟೆ ತೆಗೆದು, ಒಂದು ಬೇಯಿಸಿದ ಮೊಟ್ಟೆ ತಿಂದು, ಅಂಗಡಿಯ ಬಾಗಿಲು ತೆರೆದಳು. ಮೆಣಸು, ಜೀರಿಗೆ, ದಾಲ್ಚಿನ್ನಿ. ಅವಳ ಅಪ್ಪನ ಅಂಗಡಿ. ವರದಕ್ಷಿಣೆಯಾಗಿ ಗಂಡನ ಕೈಸೇರಿದ್ದು, ವಿವಾಹಪತ್ರದ ಪ್ರಕಾರ ಈಗ ಮತ್ತೆ ಅವಳದು.

ಗಂಡ ಸಬೆತಾಯ್ ಅದನ್ನು ಕಳೆಯಲು ಹೊರಟಿದ್ದ. ಯಹೂದಿ ಗುರುಗಳಾದ ರಬ್ಬಿಗಳ ನ್ಯಾಯಪೀಠದಿಂದ, ಸರಿತೂಕಕ್ಕೆ ಪ್ರಮಾಣವಾದ ಕಪ್ಪು ಕಲ್ಲು ಎರವಲು ತಂದು, ಮಾವನ ಕಾಲದ ಬಟ್ಟುಗಳನ್ನೆಲ್ಲ ಅದರೆದುರು ತೂಗಿದ್ದ.

“ನಿಮ್ಮಪ್ಪ ಮೂವತ್ತು ವರ್ಷ ಇಡೀ ಸಲೋನಿಕಾಗೆ ಟೋಪಿ ಹಾಕಿದಾನೆ ಕಣೆ. ಯಾರ್ಯಾರನ್ನ ಅಂತ ಹುಡುಕ್ಲಿ? ಇಂಥದಕ್ಕೆ ಊರಿಗೆ ಬಾವಿ ತೋಡಿಸ್ಬೇಕು ಅಂತ ಶಾಸ್ತ್ರದಲ್ಲಿದೆ. ಅಂಗಡಿ ಮಾರಿ ತೋಡಿಸ್ತೀನಿ. ನಾಳೆ ರಬ್ಬಿಗಳ ಮುಂದೆ ಹರಕೆ ಹೇಳ್ತೀನಿ.”

“ನಾನೆಲ್ಲಿಗೆ ಹೋಗ್ಲಿ?”

“ನಮ್ಮಮ್ಮನ ಅಡುಗೆಮನೆ ದೊಡ್ಡದಿದೆ.”

ಬಾಯಿಂದ ಹೊರಡದ ಹರಕೆ ಯಾರನ್ನೂ ಕಟ್ಟಿಹಾಕದು. ಅಂದೇ ಮಧ್ಯಾಹ್ನ ಅವಳು ನೆಲಮಾಳಿಗೆಯ ಬಿಳಿಕಲ್ಲಿನ ಮೆಟ್ಟಿಲಿಗೆ ಎಣ್ಣೆ ಸುರಿದಳು. ಅವನು ಜಾರಿ ಬಿದ್ದ, ಸಾಯಲಿಲ್ಲ. ಅದನ್ನೂ ಅವಳು ಯೋಚಿಸಿದ್ದಳು. ಆ ಕಪ್ಪು ಕಲ್ಲನ್ನೇ ಎರಡೂ ಕೈಯಲ್ಲಿ ಎತ್ತಿದಳು. ಮೊದಲ ಏಟು ತಪ್ಪಿ ಮೆಟ್ಟಿಲಿಗೆ ಬಡಿಯಿತು. “ಜೋಯಾ” ಎಂದ. ಎರಡನೆಯದಕ್ಕೆ ದವಡೆ ಮುರಿಯಿತು. ಮೂರನೆಯದಕ್ಕೆ ತಲೆ ಒಡೆಯಿತು. ನಾಲ್ಕನೆಯದು ಬೇಕಿರಲಿಲ್ಲ, ಹೊಡೆದಳು.

ರಕ್ತ ಹರಿಯಬೇಕಿತ್ತು. ಅವರ ಪದ್ಧತಿಯಲ್ಲಿ ರಕ್ತ ಸುರಿಸಿ ಸತ್ತವನನ್ನು ತೊಳೆಯುವುದಿಲ್ಲ, ಉಟ್ಟ ಬಟ್ಟೆಯಲ್ಲೇ ಸುತ್ತಿ ಹೂಳುತ್ತಾರೆ. ಗಾಯವನ್ನು ಯಾರೂ ನೋಡುವುದಿಲ್ಲ. ಹಾಗೆಯೇ ಆಯಿತು. ಶವಸಂಸ್ಕಾರಕ್ಕೆ ಬಂದ ಮುದುಕ ಪಿನ್ಹಾಸ್ ಮೊಣಕಾಲೂರಿ ಕೂತು, ಮೆಟ್ಟಿಲ ಮೇಲಿನ ರಕ್ತವನ್ನೂ ಹನಿ ಬಿಡದೆ ಕೆರೆದು, ಶವದ ಜೊತೆ ಹೂಳಲು ಒಯ್ದ. ಅವಳಿಗೆ ಒರೆಸುವ ಕೆಲಸವೂ ಉಳಿಯಲಿಲ್ಲ.

ಉಳಿದದ್ದು ಕಲ್ಲೊಂದೇ. ಅದನ್ನು ಕೇಳಿಕೊಂಡು ಯಾರೂ ಮನೆಗೆ ಬರಬಾರದು. ಒರಟು ಬುಡದ ಸಂದುಗಳಿಗೂ ಬೂದಿ ಹಾಕಿ ತಿಕ್ಕಿದ್ದಳು. ಈ ಬೆಳಿಗ್ಗೆ ಅದನ್ನು ಬುಟ್ಟಿಯಲ್ಲಿಟ್ಟು ತಾನೇ ನ್ಯಾಯಪೀಠಕ್ಕೆ ಹೊತ್ತೊಯ್ದಳು.

ಅಲ್ಲಿನ ಸೇವಕನೂ ಪಿನ್ಹಾಸನೇ. “ಇವತ್ತೇ ತರ್ಬೇಕಿತ್ತಾ ಮಗಳೇ” ಎನ್ನುತ್ತ ತಕ್ಕಡಿ ಇಳಿಸಿದ.

“ಯಾಕಜ್ಜ, ತೂಗ್ತೀರಾ?”

“ವಾಪಸ್ ಬಂದಾಗೆಲ್ಲ ಇದರ ಜೋಡಿ ಕಲ್ಲಿನ ಎದುರು ತೂಗಿಯೇ ಒಳಗಿಡೋದು. ನಿಮ್ಮಪ್ಪ ಒಂದ್ಸಲಾನೂ ಒಯ್ದೋನಲ್ಲ, ನಿಂಗೆಲ್ಲಿ ಗೊತ್ತಿರತ್ತೆ.”

ಅವಳ ಕಲ್ಲಿದ್ದ ತಟ್ಟೆ ಬೆರಳಗಲ ಮೇಲೆದ್ದಿತು. ಪಿನ್ಹಾಸ್ ಅದನ್ನೇ ನೋಡುತ್ತ ನಿಂತ. ಆಮೇಲೆ ಗೂಡಿನಿಂದ ಒಂದು ಕಾಗದದ ಪೊಟ್ಟಣ ತೆಗೆದ. “ನಿಮ್ಮ ಮೆಟ್ಟಿಲು ಕೆರೆಯೋವಾಗ ಸಿಕ್ತು. ಮೂಳೆ ಅಂದ್ಕೊಂಡೆ. ತೊಳೆದ್ರೆ ಕಪ್ಪು.” ಚೂರನ್ನು ಅವಳ ಕಲ್ಲಿನ ಪಕ್ಕಕ್ಕಿಟ್ಟು ಕೈ ತೆಗೆದ. ತಟ್ಟೆಗಳು ಸಮನಾಗಿ ನಿಂತವು.