ಖಾಲಿ ಬಿಟ್ಟ ಹೆಸರು

ಬೀದಿ ಗುಡಿಸುವ ಯಂತ್ರ ನನ್ನನ್ನೇ ಗುಡಿಸಿಹಾಕಲು ನುಗ್ಗಿ ಬರುತ್ತಿತ್ತು!

ಹಸಿರು ಬಣ್ಣದ್ದು. ನಮ್ಮ ಸಂಘದ್ದೇ. ಓಡಿಸುತ್ತಿದ್ದವನು ವಿನ್ಸ್, ನಾನೇ ಕೆಲಸ ಕಲಿಸಿದ ಹುಂಬ. ಹಾಡಹಗಲು, ಅಮೆರಿಕದ ನೆವಾರ್ಕ್ ಊರಿನ ಒಂದು ಓಣಿ. ಹಿಂದೆ ಗೋಡೆ... ಮುಂದೆ ಎರಡು ಟನ್ ಕಬ್ಬಿಣ!

"ರೋಸ್ಕೋ, ಆ ಕಾಗದ ಕೊಟ್ಬಿಡು! ನಿಂಗೇನೂ ಮಾಡಲ್ಲ!"

"ನಿಂಗೆ ಪಾರ್ಕಿಂಗೇ ಬರಲ್ಲ, ಕೊಲೆ ಬೇರೆ ಕೇಡು!"

ಕಸದ ಡಬ್ಬಿಯ ಮೇಲೆ ಕಾಲಿಟ್ಟು ಗೋಡೆ ಹಾರಿದೆ. ಹಿಂದೆ ಡಬ್ಬಿ ಅಪ್ಪಚ್ಚಿಯಾಯಿತು. ಈ ವಯಸ್ಸಿನಲ್ಲಿ ಹಾರಬೇಡ ಎಂದು ಡಾಕ್ಟರ್ ಹೇಳಿದ್ದರು. ಅವರ ಹಿಂದೆ ಯಾರೂ ಯಂತ್ರ ಬಿಟ್ಟಿರಲಿಲ್ಲ.

ವಿಷಯ ಕೇಳಿ. ನಮ್ಮ ಕಾರ್ಲಿಸ್ ಅವೆನ್ಯೂವಿನ ಕಟ್ಟಡಗಳ ಮಾಲೀಕರು, ಅಂಗಡಿಯವರು ಕೂಡಿ ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡು ಒಂದು ಸಂಘ ನಡೆಸುತ್ತಾರೆ. ಗುಡಿಸುವುದು, ದೀಪ, ಕಾವಲು ಎಲ್ಲ ಅದರದ್ದೇ. ಬೀಗ ಬಿದ್ದಿದ್ದ ಹಳೇ ಮಾರ್ಕೆಟ್ಟನ್ನು ತೆರೆಸಿದ್ದೂ ಅದೇ. ಹತ್ತು ವರ್ಷದ ಹಿಂದೆ ಇಲ್ಲಿ ನಾಯಿಯೂ ಹೆದರಿ ಓಡಾಡುತ್ತಿತ್ತು. ಈಗ ಅಜ್ಜಿಯರು ಮೀನಿಗೆ ಚೌಕಾಸಿ ಮಾಡುತ್ತಾರೆ.

ಕಾವಲಿನ ಮುಖ್ಯಸ್ಥ ನಾನು. ಪೊಲೀಸ್ ಕೆಲಸ ಕಳೆದುಕೊಂಡು ಕುಡಿದು ಬಿದ್ದಿದ್ದ ನನ್ನನ್ನು ಎಬ್ಬಿಸಿ ಈ ಕೆಲಸ ಕೊಟ್ಟವನು ಕರ್ಟಿಸ್ ಹೇಲ್, ಸಂಘದ ನಿರ್ದೇಶಕ. ಒಡಹುಟ್ಟಿದವನ ಹಾಗೆ ನಂಬಿದ್ದೆ.

ಮಾರ್ಕೆಟ್ಟಿನವರು ಗಲ್ಲಾ ಬಿಟ್ಟು ಮಹಾಸಭೆಗೆ ಬರುವುದಿಲ್ಲ. ತಮ್ಮ ಪರ ಮತ ಹಾಕುವವನ ಹೆಸರು ಖಾಲಿ ಬಿಟ್ಟು, ಚೀಟಿಗೆ ಸಹಿ ಹಾಕಿ ನನ್ನ ಕೈಗಿಡುತ್ತಾರೆ. ಮೂವತ್ತೆರಡು ಮಳಿಗೆ, ಮೂವತ್ತೆರಡು ಚೀಟಿ, ಸಂಘದ ಅರ್ಧಕ್ಕಿಂತ ಹೆಚ್ಚು ಮತ. ನಾನು ಕರ್ಟಿಸನಿಗೆ ಒಪ್ಪಿಸುತ್ತೇನೆ. ಪ್ರತಿ ವರ್ಷದ ರೂಢಿ.

ಇವತ್ತು ಮಧ್ಯಾಹ್ನ ಆ ಚೀಟಿಗಳು ಅವನ ಮೇಜಿನ ಮೇಲಿದ್ದವು. ಖಾಲಿ ಜಾಗದಲ್ಲೆಲ್ಲ ಒಂದೇ ಹೆಸರು... ಬಹುಮಹಡಿ ಕಟ್ಟುವ ಕಂಪನಿಯ ವಕೀಲನದು! ಪಕ್ಕದಲ್ಲೇ ಮೂರು ಗಂಟೆಯ ಸಭೆಯ ಠರಾವು: ಮಾರ್ಕೆಟ್ ಕೆಡವಲು ಒಪ್ಪಿಗೆ.

ಬಾಗಿಲಲ್ಲಿ ಕರ್ಟಿಸ್ ನಿಂತಿದ್ದ.

"ಹತ್ತು ವರ್ಷ ಬೀದಿ ಗುಡಿಸಿದ್ದು ಯಾಕಂದ್ಕೊಂಡೆ? ಚೊಕ್ಕ ಆದ್ಮೇಲೇ ಜಾಗಕ್ಕೆ ಗಿರಾಕಿ."

"ನನ್ನ ಕೈಯಲ್ಲಿ ಯಾಕೋ ಮಾಡಿಸ್ದೆ?"

"ಅವ್ರು ನಿನ್ನ ನಂಬ್ತಾರೆ. ನನ್ನ ಯಾರು ನಂಬ್ತಾರೆ ಮಾರಾಯ?"

ಠರಾವು ಮತ್ತು ಒಂದು ಚೀಟಿ ಕಿತ್ತುಕೊಂಡು, ಅವನನ್ನು ತಳ್ಳಿ ಓಡಿದೆ. ಆಗಲೇ ಅವನು ವಿನ್ಸನನ್ನು ಛೂ ಬಿಟ್ಟದ್ದು.

ಮಾರ್ಕೆಟ್ ತಲುಪಿದಾಗ ಎರಡೂ ಮುಕ್ಕಾಲು.

"ಅಂಗಡಿ ಮುಚ್ಚಿ! ಸಭೆಗೆ ನಡೀರಿ! ಖುದ್ದು ನೀವೇ ಬಂದ್ರೆ ಚೀಟಿ ರದ್ದು!"

ಮೀನಿನ ತವಾರೆಸ್ ಕಾಗದ ಓದಿದ. ಕೈಯಲ್ಲಿ ಚೂರಿ ಇತ್ತು.

"ಇದು ನನ್ನ ಸಹಿ. ಇಸ್ಕೊಂಡೋನು ನೀನು."

"ನಂಗೆ ಗೊತ್ತಿರ್ಲಿಲ್ಲ..."

"'ಮಾಮೂಲಿ, ಹಾಕಿ' ಅಂದೆ. ನಂಬಿಸಿ ಕತ್ತು ಕುಯ್ದೆ."

ಎಂಪನಾಡ ಎಂಬ ಕರಿದ ಕಡುಬು ಮಾರುವ ಎಲ್ವಿರಾ ಒಲೆ ಆರಿಸಿದಳು. "ದಿನಾ ಬಿಸಿಬಿಸಿ ಕರಿದು ಹಾಕಿದ್ದು ಇದಕ್ಕೇನೋ? ಥೂ!"

ಯಂತ್ರದಡಿ ಸಿಕ್ಕಿದ್ದರೂ ಇಷ್ಟು ನೋಯುತ್ತಿರಲಿಲ್ಲ. ನಂಬಿ ಮೋಸ ಹೋದೆ ಎಂದರೆ ಅವರೂ ಅದನ್ನೇ ಹೇಳುತ್ತಿದ್ದರು.

ಷಟರುಗಳು ದಡದಡ ಬಿದ್ದವು. ಮೂವತ್ತೆರಡೂ!

ಸಭೆಯಲ್ಲಿ ವಕೀಲ ಎದ್ದು ಚೀಟಿಗಳ ಕಟ್ಟು ಬಿಚ್ಚುವ ಹೊತ್ತಿಗೆ ಬಾಗಿಲು ತೆರೆಯಿತು. ಏಪ್ರನ್ನು, ಮೀನಿನ ವಾಸನೆ, ಕೆಂಡದಂಥ ಕಣ್ಣುಗಳು... ಒಬ್ಬೊಬ್ಬರೂ ಹೆಸರು ಹೇಳಿ ತಮ್ಮ ಚೀಟಿ ಹರಿದರು. ಠರಾವು ಮಗುಚಿ ಬಿತ್ತು. ಕರ್ಟಿಸ್ ಹಿಂಬಾಗಿಲಿನಿಂದ ಜಾರಿಕೊಂಡ.

ನಾನು ಉಸಿರು ಬಿಟ್ಟೆ.

ತವಾರೆಸ್ ಎದ್ದ. ನನ್ನ ಕಡೆ ನೋಡಲಿಲ್ಲ. "ಇನ್ನೊಂದು ಠರಾವು. ರೋಸ್ಕೋನ ಕೆಲಸದಿಂದ ತೆಗೀಬೇಕು."

ಮೊದಲು ಎದ್ದದ್ದು ಎಲ್ವಿರಾಳ ಕೈ. ಆಮೇಲೆ ಮೂವತ್ತೊಂದು.

ತಕರಾರು ಎತ್ತಲು ದಾರಿಯೇ ಇರಲಿಲ್ಲ... ಎಲ್ಲರನ್ನೂ ಖುದ್ದಾಗಿ ಕರೆತಂದವನು ನಾನೇ ತಾನೆ!